ಗೊರಸಿನ ಡಾಕ್ಟ್ರಮ್ಮ

ಹಿಂದಿನ ಸಾಲಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತರಿಸಿದ ಮೇಲೂ ಸಭಾಂಗಣ ದೊಡ್ಡದಾಗಿಯೇ ಕಾಣುತ್ತಿತ್ತು. ತೀರಿಕೊಂಡವಳ ತಮ್ಮ ಇನ್ನೊಂದು ಸಾಲಿಗೆ ಕೈ ಹಾಕಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿತಾಗಾರದ ಮೇಲ್ವಿಚಾರಕ, ಕುರ್ಚಿ ಸಾಲದೆಂದು ಕೂಗಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ, ಹೆಚ್ಚಾಯಿತೆಂದು ಎತ್ತಿಡುವವರನ್ನು ಕಂಡಿದ್ದು ಕಡಿಮೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೂ ತಮ್ಮನಿಗೆ ಮುಖ ಎತ್ತಲಾಗಲಿಲ್ಲ.

"ಸಾಕು ಬಿಡ್ರೀ," ಎಂದಳು ಹೆಂಡತಿ. "ಇನ್ನೂ ತೆಗೆದ್ರೆ ಬಂದೋರು ಎಲ್ಲಿ ಕೂರ್ತಾರೆ?"

"ಯಾರು ಬರ್ತಾರೆ?" ಎಂದ ತಮ್ಮ.

ಅಕ್ಕ ಮುಂದೆ ಪೆಟ್ಟಿಗೆಯಲ್ಲಿ ಮಲಗಿದ್ದಳು. ಮದುವೆಯಾಗಿರಲಿಲ್ಲ. ತನ್ನವರೆಂದರೆ ಈ ತಮ್ಮ, ಅವನ ಹೆಂಡತಿ, ಅಷ್ಟೇ. ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವ ತಮ್ಮನಿಗೆ, ಅಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಎಂದು ಒಂದೇ ಮಾತಿನಲ್ಲಿ ಮುಗಿಸಿ ಅಭ್ಯಾಸ. ಹಾಗೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಯಾರೋ ಯಾವ ಕಾಲದಲ್ಲೋ ಬರೆದು ಡಾಕ್ಟರ್ ಪದವಿ ಗಿಟ್ಟಿಸಿಕೊಂಡು ಮರೆತುಬಿಟ್ಟ ಸಂಶೋಧನಾ ಪ್ರಬಂಧಗಳು ಆ ಲೈಬ್ರರಿಯ ಕಪಾಟುಗಳ ತುಂಬ ಇದ್ದವು. ಅವನ್ನು ಒಂದೊಂದಾಗಿ ಇಳಿಸಿ, ದೂಳು ಕೊಡವಿ, ಸ್ಕ್ಯಾನ್ ಮಾಡಿ, ಎಲ್ಲಿದ್ದವರಾದರೂ ಸರಿ, ಯಾರನ್ನೂ ಕೇಳದೆ ಬಿಟ್ಟಿಯಾಗಿ ಓದಿಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಏರಿಸುವುದು ಅಕ್ಕನ ಕೆಲಸ. ಅದಕ್ಕೆ ಮುಕ್ತ ಸಂಗ್ರಹ ಎಂದು ಹೆಸರು. ಹಾಳೆ ತಿರುವು, ಗಾಜಿನ ಮೇಲೆ ಮಲಗಿಸು, ಗುಂಡಿ ಒತ್ತು, ಮತ್ತೆ ಹಾಳೆ ತಿರುವು.

ಕತ್ತೆ ಚಾಕರಿ ಅಂತ ತಮ್ಮ ರೇಗಿಸುತ್ತಿದ್ದ. ಬರೆದವರಿಗೇ ಬೇಡವಾದದ್ದನ್ನು ಊರಿಗೆಲ್ಲ ಹಂಚುತ್ತೀಯಲ್ಲ ಎನ್ನುತ್ತಿದ್ದ. ಅಕ್ಕ ನಗುತ್ತಿದ್ದಳು. ಯಾಕೋ ಕತ್ತೆ ಎಂದಾಗ ಮಾತ್ರ ಸ್ವಲ್ಪ ಜಾಸ್ತಿಯೇ ನಗುತ್ತಿದ್ದಳು.

ಲೈಬ್ರರಿಯವರು ಬೆಳಗ್ಗೆಯೇ ಬಂದು, ಹೂವಿಟ್ಟು, ಪರೀಕ್ಷೆಯ ಸಮಯ ನೋಡಿ ಎಂದು ಹೊರಟುಬಿಟ್ಟಿದ್ದರು. ಉಳಿದವಳು ಅಕ್ಕನ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದ ಕನ್ನಡಕದ ಹುಡುಗಿ ಒಬ್ಬಳು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕರು ಕೈಕಟ್ಟಿ ಕೂತಿದ್ದರು. ಪಶುವೈದ್ಯಕೀಯ ಕಲಿಸಿ ನಿವೃತ್ತರಾದ ಮೇಷ್ಟ್ರಂತೆ. ಮನೆಯಲ್ಲಿ ಒಬ್ಬರೇ, ದಿನಾ ಲೈಬ್ರರಿಗೆ ಪೇಪರ್ ಓದಲು ಬರುತ್ತಾರಂತೆ. ಬಂದವರೇ ತಮ್ಮನ ಕೈ ಹಿಡಿದು, ಆಕೆ ನನಗೆ ದಿನಾ ಪೇಪರ್ ತೆಗೆದಿಡ್ತಿದ್ರು ಎಂದಷ್ಟೇ ಹೇಳಿ ಕೂತಿದ್ದರು. ಅಕ್ಕನ ಇಡೀ ಜೀವನಕ್ಕೆ ಬಂದ ಜನ ಒಂದು ಆಟೋದಲ್ಲಿ ಹಿಡಿಸುವಷ್ಟು ಎಂದು ತಮ್ಮ ಮನಸ್ಸಿನಲ್ಲೇ ಎಣಿಸಿದ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬಸ್ಸಿನಲ್ಲಿ ಕೂತು ಕೂತು ಮುದುಡಿದ ಬಟ್ಟೆ, ಬಿಸಿಲು ತಿಂದ ಮುಖ, ಉಗುರುಗಳ ಸಂದಿಯಲ್ಲಿ ಇಟ್ಟಿಗೆಯ ಕೆಂಪು. ಯಾರನ್ನೂ ನೋಡದೆ ನೇರವಾಗಿ ಪೆಟ್ಟಿಗೆಯ ಹತ್ತಿರ ಹೋಗಿ, ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿ, ತಮ್ಮನ ಕಡೆ ತಿರುಗಿದಳು.

"ಇವರೇನಾ ಡಾಕ್ಟ್ರಮ್ಮ?"

"ಯಾವ ಡಾಕ್ಟ್ರಮ್ಮ?"

"ಕತ್ತೆ ಡಾಕ್ಟ್ರಮ್ಮ. ಮೊನ್ನೆ ಫೋನ್ ಮಾಡಿದ್ನಲ್ಲ, ನೀವೇ ಅಲ್ವಾ ಎತ್ತಿದ್ದು?"

ತಮ್ಮನಿಗೆ ನೆನಪಾಯಿತು. ಅಕ್ಕ ತೀರಿಕೊಂಡ ದಿನ ಅವಳ ಫೋನು ಅವನ ಜೇಬಿನಲ್ಲಿತ್ತು. ಯಾರೋ ಹೆಂಗಸು, ಡಾಕ್ಟ್ರಮ್ಮ ಇದಾರಾ ಎಂದು ಕೇಳಿದ್ದಳು. ರಾಂಗ್ ನಂಬರ್ ಎಂದು ಇಟ್ಟಿದ್ದ. ಮತ್ತೆ ಬಂತು, ಮತ್ತೆ ಇಟ್ಟ. ಆಮೇಲೆ ರೇಗಿ, ಈ ಫೋನಿನವಳು ನಮ್ಮಕ್ಕ, ಇವತ್ತು ಹೋಗಿಬಿಟ್ಟಳು ಎಂದಿದ್ದ. ಆ ಕಡೆಯವಳು, ಸಂಸ್ಕಾರ ಎಲ್ಲಿ, ಯಾವತ್ತು ಎಂದು ಮಾತ್ರ ಕೇಳಿ ಇಟ್ಟಿದ್ದಳು.

"ಎತ್ತರಕ್ಕೆ, ದಪ್ಪಗೆ ಇರ್ತಾರೆ ಅಂದ್ಕೊಂಡಿದ್ದೆ," ಎಂದಳು ಹೆಂಗಸು. "ಫೋಟೋ ಕಳಿಸಿ ಅಂದ್ರೆ ಕಳಿಸ್ತಿರಲಿಲ್ಲ." ಅವಳು ಮೇಷ್ಟ್ರ ಹಿಂದಿನ ಸಾಲಿನಲ್ಲಿ ಹೋಗಿ ಕೂತಳು.

*

ಕತ್ತೆ ಎಂದ ಕೂಡಲೇ ತಮ್ಮನ ಕಣ್ಣ ಮುಂದೆ ಬಂದದ್ದು ಕೆಲವು ವರ್ಷದ ಹಿಂದಿನ ಒಂದು ಸಂಜೆ. ಅಕ್ಕನಿಗೆ ಟೇಬಲ್ ಲ್ಯಾಂಪ್ ಕೊಡಿಸಲು ಇಬ್ಬರೂ ಮಾರುಕಟ್ಟೆ ಬೀದಿಗೆ ಹೋಗಿದ್ದರು. ಗಾಡಿ ಎಳೆಯುವ ಕತ್ತೆಯೊಂದು ರಸ್ತೆಬದಿಯಲ್ಲಿ ಮುಂಗಾಲು ನೆಲಕ್ಕೆ ಊರಲಾರದೆ ನಿಂತಿತ್ತು. ಅಕ್ಕ ಕೈಚೀಲವನ್ನು ತಮ್ಮನ ಕೈಗೆ ತುರುಕಿ, ಆಫೀಸಿನ ಬಟ್ಟೆಯಲ್ಲೇ, ಅದರ ಹತ್ತಿರ ಹೋದಳು.

ಮೊದಲು ಅದರ ಹೆಗಲ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಆಮೇಲೆ ಕೈಯನ್ನು ಕಾಲಿನ ಉದ್ದಕ್ಕೂ ಇಳಿಸಿ, ಕುಕ್ಕರುಗಾಲಲ್ಲಿ ಕೂತು, ಗೊರಸನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಗಾಡಿಯವನು ಹಲ್ಲು ಕಿರಿಯುತ್ತ ನೋಡುತ್ತಿದ್ದ. ಜನ ಸೇರಿದರು. ಯಾರೋ ಶಿಳ್ಳೆ ಹಾಕಿದರು. ತಮ್ಮನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿ, ಚಪ್ಪಲಿ ಅಂಗಡಿಯ ಮುಂದೆ ಹೋಗಿ, ತನಗೂ ಅವಳಿಗೂ ಸಂಬಂಧವಿಲ್ಲದವನಂತೆ ಗಾಜಿನೊಳಗಿನ ಬೂಟುಗಳನ್ನು ನೋಡುತ್ತ ನಿಂತ.

ಅಕ್ಕ ಕೈಯೆಲ್ಲ ಗಲೀಜು ಮಾಡಿಕೊಂಡು ಬಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ತಮ್ಮ ಅದಕ್ಕೆ ಮುಂಚೆ ನೋಡಿರಲಿಲ್ಲ.

"ಕಲ್ಲು ಕಚ್ಚಿಕೊಂಡಿತ್ತು ಕಣೋ, ಒಳಗಡೆ."

"ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ?"

"ನೋಡ್ಬೇಕಿತ್ತು. ಬರೀ ಓದಿದ್ದೆ, ಮುಟ್ಟಿರಲಿಲ್ಲ."

ಅವನ ಕರವಸ್ತ್ರ ಕಿತ್ತುಕೊಂಡು ಕೈ ಒರೆಸಿಕೊಂಡಳು. ತಮ್ಮ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದ. ಏನು ಓದಿದ್ದೆ, ಯಾಕೆ ಓದಿದ್ದೆ ಎಂದು ಕೇಳುವುದು ಅವನಿಗೆ ಹೊಳೆಯಲಿಲ್ಲ.

*

ಕನ್ನಡಕದ ಹುಡುಗಿ ಅವನ ತೋಳು ಮುಟ್ಟಿ, ಒಂದು ನಿಮಿಷ ಹೊರಗೆ ಬರುತ್ತೀರಾ ಎಂದಳು. ಕೈ ತೊಳೆಯುವ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಸುತ್ತ ನೋಡಿ ದನಿ ತಗ್ಗಿಸಿದಳು.

"ಆಯಮ್ಮ ನಾಲ್ಕು ಮಾತಾಡ್ತೀನಿ ಅಂತಿದಾರೆ. ಮಾತಾಡೋಕೆ ಬಿಡಬೇಡಿ."

"ಯಾಕಮ್ಮಾ? ಅಷ್ಟು ದೂರದಿಂದ ಬಂದಿದಾರೆ."

ಹುಡುಗಿ ಹೇಳಿದ್ದು ತಮ್ಮನಿಗೆ ಒಂದೇ ಸಲಕ್ಕೆ ತಲೆಗೆ ಹೋಗಲಿಲ್ಲ. ಸಂಗ್ರಹ ಶುರುವಾದ ಹೊಸತರಲ್ಲಿ ಅವರ ಕಂಪ್ಯೂಟರಿಗೆ ಒಂದು ಕೆಟ್ಟ ಚಾಳಿ ಇತ್ತಂತೆ. ಲೇಖಕರ ಹೆಸರಿನ ಜಾಗ ಖಾಲಿ ಬಿಟ್ಟರೆ, ಪ್ರಬಂಧ ಏರಿಸಿದವರ ಹೆಸರನ್ನೇ ತಾನಾಗಿ ಅಲ್ಲಿ ತುಂಬಿಬಿಡುತ್ತಿತ್ತಂತೆ. ಹೀಗೆ ರಾಶಿ ಪ್ರಬಂಧಗಳು ಅಕ್ಕನ ಹೆಸರಿನಲ್ಲಿ ಹೊರಬಿದ್ದವು. ಖಗೋಳದಿಂದ ಹಿಡಿದು ಎರೆಹುಳುವಿನವರೆಗೆ ಎಲ್ಲದಕ್ಕೂ ಅಕ್ಕನೇ ಪಂಡಿತೆ. ಲೈಬ್ರರಿಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕ ಕೂತು ಒಂದೊಂದನ್ನೂ ತಿದ್ದಿದಳು. ಒಂದು ಮಾತ್ರ ಉಳಿಯಿತು. ಕತ್ತೆಗಳ ಗೊರಸಿನ ರೋಗದ ಮೇಲೆ ಬರೆದ ಪ್ರಬಂಧ. ಅದರ ಮೊದಲ ಹಾಳೆಯೇ ಹರಿದುಹೋಗಿತ್ತು. ಬರೆದವರು ಯಾರೆಂದು ಪಶುವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ ತಿಳಿದುಕೊಳ್ಳುವಷ್ಟರಲ್ಲಿ, ಎಲ್ಲೋ ಗುಡ್ಡಗಾಡಿನ ಇಟ್ಟಿಗೆ ಭಟ್ಟಿಯಿಂದ ಒಂದು ಮೆಸೇಜು ಬಂದಿತ್ತು. ಡಾಕ್ಟ್ರಮ್ಮ, ನಿಮ್ಮ ಪುಸ್ತಕ ಫೋನಿನಲ್ಲಿ ಓದಿದೆ, ನನ್ನ ಕತ್ತೆ ಕುಂಟುತ್ತಿದೆ, ಏನು ಮಾಡಲಿ ಎಂದು.

"ಬರೆದದ್ದು ನಾನಲ್ಲ ಅಂತ ಉತ್ತರ ಕೊಡೋಕೆ ಕೂತ್ರಂತೆ. ಆದ್ರೆ ಪಾಪ ಕತ್ತೆ ಕುಂಟ್ತಿದೆಯಲ್ಲ ಅಂತ ಮೊದಲು ಪ್ರಬಂಧ ತೆಗೆದು ನೋಡಿ, ಅದಕ್ಕೆ ಉತ್ತರ ಬರೆದ್ರಂತೆ. ನಾನಲ್ಲ ಅನ್ನೋದು ಮುಂದಿನ ಸಲಕ್ಕೆ ಉಳೀತು. ಮುಂದಿನ ಸಲ ಇನ್ನೊಂದು ಕತ್ತೆ."

ತಮ್ಮ ನಲ್ಲಿಯನ್ನು ಹಿಡಿದುಕೊಂಡು ನಿಂತಿದ್ದ. "ಹಾಗಾದ್ರೆ ಬರೆದೋರು ಯಾರು?"

"ಒಳಗೆ ಮುಂದಿನ ಸಾಲಲ್ಲಿ ಕೂತಿದಾರಲ್ಲ, ಮೇಷ್ಟ್ರು."

ತಮ್ಮ ತಿರುಗಿ ಸಭಾಂಗಣದ ಬಾಗಿಲ ಕಡೆ ನೋಡಿದ.

*

ಅಕ್ಕ ಆಸ್ಪತ್ರೆ ಸೇರಿದಾಗ ಲೈಬ್ರರಿಯಲ್ಲಿ ಅವಳಿಗೆ ಬರುತ್ತಿದ್ದ ಮೆಸೇಜುಗಳನ್ನು ನೋಡಿಕೊಳ್ಳುವ ಕೆಲಸ ಈ ಹುಡುಗಿಗೆ ಬಂದಿತ್ತು. ಆಗಲೇ ಗುಟ್ಟು ಬಯಲಾದದ್ದು. ಹುಡುಗಿಗೆ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಅವಳಿಗೆ ಕೆಲಸ ಕಲಿಸಿದ್ದೇ ಅಕ್ಕ. ಹಾಳೆ ಓರೆಯಾದರೆ ಕ್ಷಮೆ ಉಂಟು, ಹೆಸರು ತಪ್ಪಿದರೆ ಇಲ್ಲ, ಇನ್ನೊಬ್ಬರ ದುಡಿಮೆ ಕದ್ದ ಹಾಗೆ ಎಂದು ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದಳು. ಜಗಳವಾಡುವುದೆಂದೇ ಹುಡುಗಿ ಮಧ್ಯಾಹ್ನದ ಹೊತ್ತು ಆಸ್ಪತ್ರೆಗೆ ಹೋದಳು.

ಅಕ್ಕ ಅಲ್ಲಗಳೆಯಲಿಲ್ಲ. ದಿಂಬಿಗೆ ಒರಗಿ, ಎದುರು ಗೋಡೆಯ ಖಾಲಿ ಮೊಳೆಯನ್ನು ನೋಡುತ್ತ ಮಲಗಿದ್ದಳಂತೆ. ಮೇಷ್ಟ್ರು ದಿನಾ ಪೇಪರ್ ಓದಲು ಬಂದಾಗಲೆಲ್ಲ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದಳಂತೆ, ಪೇಪರ್ ಕೊಟ್ಟು ವಾಪಸು ಬಂದುಬಿಡುತ್ತಿದ್ದಳಂತೆ. ಹುಡುಗಿ ಬಿಡಲಿಲ್ಲ, ಯಾಕೆ ಹೀಗೆ ಮಾಡಿದಿರಿ ಎಂದು ಮತ್ತೆ ಕೇಳಿದಳು.

"ಆ ಭಟ್ಟಿಯವಳು ಮೆಸೇಜಿನ ಕೊನೇಲಿ, ನೀವು ಹೇಗಿದೀರಿ ಡಾಕ್ಟ್ರಮ್ಮ, ಊಟ ಆಯ್ತಾ ಅಂತ ಕೇಳ್ತಾಳೆ," ಎಂದಳಂತೆ ಅಕ್ಕ. "ಪ್ರತಿ ಸಲ ಕೇಳ್ತಾಳೆ. ನಾನು ಡಾಕ್ಟ್ರಲ್ಲ ಅಂದ್ರೆ ಯಾಕೆ ಕೇಳ್ತಾಳೆ ಹೇಳು."

ಹುಡುಗಿ ಎದ್ದು ಹೊರಟಾಗ ಅಕ್ಕ ಅವಳ ಕೈ ಹಿಡಿದು, "ನಾನು ಹೋದ ಮೇಲೆ ಸರಿ ಮಾಡು. ಇರೋವರೆಗೆ ಬಿಡು," ಎಂದಳಂತೆ.

*

"ಸೋಮವಾರ ಸರಿ ಮಾಡೋಣ ಅಂತಿದೀನಿ," ಎಂದಳು ಹುಡುಗಿ. "ನೀವು ಬೇಡ ಅಂದ್ರೆ ಬಿಡ್ತೀನಿ. ನನಗೊಬ್ಬಳಿಗೇ ಗೊತ್ತಿರೋದು."

ತಮ್ಮ ಎರಡನ್ನೂ ತೂಗಿ ನೋಡಿದ. ತಿದ್ದಿಸಿದರೆ ಈ ಹೆಂಗಸು ಒಂದು ದಿನ ಫೋನು ತೆರೆದು ನೋಡುತ್ತಾಳೆ, ಅಲ್ಲಿ ಬೇರೆ ಯಾರದೋ ಹೆಸರು. ಯಾರನ್ನು ಕೇಳುತ್ತಾಳೆ? ಇಷ್ಟು ವರ್ಷ ನನಗೆ ಟೋಪಿ ಹಾಕಿದಳು ಎಂದುಕೊಳ್ಳುತ್ತಾಳೆ. ಅಕ್ಕನನ್ನು ಹುಡುಕಿಕೊಂಡು ಬಂದ ಒಂದೇ ಒಂದು ಜೀವ ಅದು. ತಿದ್ದಿಸದಿದ್ದರೆ ಮೇಷ್ಟ್ರ ಜೀವಮಾನದ ಕೆಲಸ ಅಕ್ಕನ ಹೆಸರಿನಲ್ಲೇ ಉಳಿಯುತ್ತದೆ. ಯಾವ ಕಡೆ ಹೋದರೂ ಯಾರಿಗೋ ಅನ್ಯಾಯವೇ. ಅಷ್ಟರಲ್ಲಿ ಮೇಲ್ವಿಚಾರಕ ಬಂದು, ಮುಂದಿನವರು ಕಾಯುತ್ತಿದ್ದಾರೆ, ಮಾತಾಡುವವರು ಬೇಗ ಮಾತಾಡಿ ಮುಗಿಸಬೇಕು ಎಂದ.

ಮೊದಲು ತಮ್ಮನೇ ಎದ್ದು ನಿಂತ. ಮೂರು ದಿನದಿಂದ ಮನಸ್ಸಿನಲ್ಲೇ ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿಗೆ ಹೋದವೋ. ನಮ್ಮಕ್ಕ ಒಳ್ಳೆಯವಳು, ಯಾರಿಗೂ ತೊಂದರೆ ಕೊಟ್ಟವಳಲ್ಲ ಎಂದು ಹೇಳುವಾಗ ಅವನ ಕಣ್ಣು ಮೇಷ್ಟ್ರ ಮೇಲೆ ಬಿತ್ತು. ಕೂತುಬಿಟ್ಟ.

ಹೆಂಗಸು ಎದ್ದಳು. ತಡೆಯಬೇಕೆಂದು ತಮ್ಮ ಅರ್ಧ ಎದ್ದ, ಅವಳು ಆಗಲೇ ಪೆಟ್ಟಿಗೆಯ ಪಕ್ಕ ನಿಂತಿದ್ದಳು.

"ನಂಗೆ ಮಾತಾಡೋಕೆ ಬರಲ್ಲ," ಎಂದಳು. "ನಮ್ಮ ಕಡೆ ಭಟ್ಟಿಯಿಂದ ಇಟ್ಟಿಗೆ ಹೊರೋದು ಕತ್ತೆಗಳೇ. ಕತ್ತೆಗೆ ಕಾಯಿಲೆ ಅಂದ್ರೆ ಯಾವ ಡಾಕ್ಟ್ರೂ ಬರಲ್ಲ, ನಗ್ತಾರೆ. ಒಂದು ವರ್ಷ ಒಂದರ ಹಿಂದೆ ಒಂದು ಕಾಲು ಕೊಳೆತು ಬಿದ್ದೋದವು. ಅಳ್ತಾ ಫೋನ್‌ನಲ್ಲಿ ಹುಡುಕ್ದಾಗ ಡಾಕ್ಟ್ರಮ್ಮ ಬರೆದದ್ದು ಸಿಕ್ತು. ಯಾರೂ ಬೀಗ ಹಾಕಿರಲಿಲ್ಲ, ಇಡೀ ಪುಸ್ತಕ ಸುಮ್ನೆ ತೆರ್ಕೊಂತು. ಅರ್ಧ ಅರ್ಥ ಆಗ್ಲಿಲ್ಲ. ಒಂದು ಮಾತು ಮಾತ್ರ ಈಗ್ಲೂ ಬಾಯಿಪಾಠ ಇದೆ. ಕಾಲು ಎತ್ತುವ ಮೊದಲು ಹೆಗಲ ಮೇಲೆ ಕೈ ಇಡಿ, ಅದಕ್ಕೂ ಭಯವಿರುತ್ತದೆ ಅಂತ. ಅದನ್ನ ಓದಿದ ಮೇಲೆನೇ, ಇವರಿಗೆ ಬರೆದು ಕೇಳಬಹುದು ಅನ್ನಿಸಿದ್ದು."

ಮೇಷ್ಟ್ರ ಕಟ್ಟಿದ್ದ ಕೈಗಳು ಬಿಚ್ಚಿ ತೊಡೆಯ ಮೇಲೆ ಬಿದ್ದವು.

"ಬರೆದ್ರೆ ಉತ್ತರ ಬರೋದು, ಆಮೇಲೆ ಫೋನ್ ನಂಬರೂ ಕೊಟ್ರು. ಯಾವ ಕತ್ತೆ ಹೇಗಿದೆ ಅಂತ ಒಂದೊಂದನ್ನೂ ಕೇಳೋರು. ಹೋದ ವರ್ಷ ಹುಟ್ಟಿದ ಮರಿಗೆ ಡಾಕ್ಟ್ರಮ್ಮ ಅಂತಾನೇ ಹೆಸರಿಟ್ಟೆ. ಹೇಳಿದ್ರೆ ಬೈತಾರೆ ಅಂದ್ಕೊಂಡೆ, ಬಿದ್ದು ಬಿದ್ದು ನಕ್ರು." ಹೆಂಗಸು ಪೆಟ್ಟಿಗೆಯ ಅಂಚನ್ನು ಸವರಿದಳು. "ಈಗ ಕುಂಟ್ತಿರೋದು ಅದೇನೇ. ಅದಕ್ಕೇ ಫೋನ್ ಮಾಡಿದ್ದು."

ಅವಳು ಬಂದು ಕೂತಳು. ಮೇಷ್ಟ್ರು ಎದ್ದು ನಿಂತರು. ಕನ್ನಡಕದ ಹುಡುಗಿ ತಲೆ ತಗ್ಗಿಸಿದಳು. ಈಗ ಮಾನ ಹೋಯಿತು ಎಂದುಕೊಂಡ ತಮ್ಮ. ಬೆಂಕಿಗೆ ಹೋಗುವ ಗಳಿಗೆಯಲ್ಲಿ, ಮೇಲೆದ್ದು ಉತ್ತರ ಕೊಡಲಾಗದ ಹೊತ್ತಿನಲ್ಲಿ, ಅಕ್ಕ ಕಳ್ಳಿಯಾಗುತ್ತಾಳೆ. ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು.

"ನಾನೂ ಓದಿದೀನಿ ಅದನ್ನ," ಎಂದರು. "ಒಳ್ಳೆ ಕೆಲಸ."

ಅಷ್ಟು ಹೇಳಿ ಕೂತರು. ಮೇಲ್ವಿಚಾರಕ ಗುಂಡಿ ಒತ್ತಿದ. ಪೆಟ್ಟಿಗೆ ಸದ್ದಿಲ್ಲದೆ ಒಳಗೆ ಸರಿಯಿತು, ಬಾಗಿಲು ಮುಚ್ಚಿಕೊಂಡಿತು. ಹೆಂಡತಿ ತಮ್ಮನ ಬೆನ್ನ ಮೇಲೆ ಕೈ ಇಟ್ಟಾಗಲೇ ತಾನು ಅಳುತ್ತಿದ್ದೇನೆಂದು ಅವನಿಗೆ ತಿಳಿದದ್ದು.

ಹೊರಗೆ ಜಗಲಿಯಲ್ಲಿ ತಮ್ಮ ಮೇಷ್ಟ್ರ ಬೆನ್ನಟ್ಟಿ ಹೋಗಿ ಅವರ ಎರಡು ಕೈಗಳನ್ನೂ ಹಿಡಿದುಕೊಂಡ. ನನಗೆ ಎಲ್ಲಾ ಗೊತ್ತಾಯಿತು ಎಂದ. ಮೇಷ್ಟ್ರು ಅವನ ಮುಖವನ್ನು ನೋಡದೆ ರಸ್ತೆಯ ಕಡೆ ನೋಡುತ್ತ ಮಾತಾಡಿದರು.

"ಆಕೆ ನನ್ನನ್ನ ಕಂಡ್ರೆ ತಲೆ ತಗ್ಗಿಸ್ತಿದ್ರು. ನಾನು ಗೌರವ ಅಂದ್ಕೊಂಡಿದ್ದೆ." ಮುಗುಳ್ನಗಲು ನೋಡಿದರು, ಆಗಲಿಲ್ಲ. "ಆ ಸಾಲಿದೆಯಲ್ಲ, ಹೆಗಲ ಮೇಲೆ ಕೈ ಇಡಿ ಅನ್ನೋದು. ಸಂಶೋಧನೆಯ ಭಾಷೆ ಅಲ್ಲ, ಹೊಡೆದುಹಾಕು ಅಂದಿದ್ರು ನನ್ನ ಗೈಡು. ನಾನು ಹೊಡೆದುಹಾಕಲಿಲ್ಲ. ಮತ್ತೆ ಯಾರೂ ಆ ಸುದ್ದಿ ಎತ್ತಲಿಲ್ಲ. ಯಾರಾದ್ರೂ ಓದಿದ್ರೆ ತಾನೇ."

"ಅಲ್ಲೇ ಹೇಳ್ಬೋದಿತ್ತಲ್ಲ ಮೇಷ್ಟ್ರೇ."

"ಓದಿದವಳು ಒಬ್ಬಳು. ಅವಳೂ ನಿಮ್ಮಕ್ಕನ್ನ ಹುಡುಕ್ಕೊಂಡು ಬಂದಳು. ಇರಲಿ ಬಿಡಿ, ಹಾಗೇ ಇರಲಿ."

ಕೈ ಬಿಡಿಸಿಕೊಂಡು, ನಿಧಾನವಾಗಿ ಗೇಟಿನ ಆಚೆಯ ಬಸ್ ಸ್ಟಾಪಿನ ಕಡೆ ನಡೆದರು.

ತಮ್ಮ ನಿಂತಲ್ಲೇ ನಿಂತ. ಎಲ್ಲ ಎಷ್ಟು ಸುಲಭವಾಗಿ ಹೋಯಿತು. ಹುಡುಗಿ ಬಾಯಿ ಬಿಡುವುದಿಲ್ಲ, ಮೇಷ್ಟ್ರು ಕೇಳುವುದಿಲ್ಲ, ಅಕ್ಕ ಡಾಕ್ಟ್ರಮ್ಮನಾಗಿಯೇ ಉಳಿಯುತ್ತಾಳೆ. ಅವನು ಸುಮ್ಮನಿದ್ದರೆ ಸಾಕು. ಸುಮ್ಮನಿರಲು ಅವನಿಗೆ ಬಹಳ ಆಸೆಯಾಯಿತು. ಆದರೆ ಒಬ್ಬಂಟಿಯಾಗಿ ಬಸ್ಸಿಗೆ ಹೋಗುತ್ತಿರುವ ಆ ಮುದುಕರ ಬೆನ್ನು ಕಾಣುತ್ತಿತ್ತು. ಅಕ್ಕ ದಿನಾ ನೋಡಿದ ಬೆನ್ನೂ ಇದೇ ಇರಬೇಕು. ಹೋದ ಮೇಲೆ ಸರಿ ಮಾಡು ಎಂದು ಅವಳು ಕೇಳಿಕೊಂಡಿದ್ದು ಸುಮ್ಮಸುಮ್ಮನೆ ಅಲ್ಲ, ಇದ್ದಾಗ ಅವಳಿಗೆ ಸಾಧ್ಯವಾಗಲಿಲ್ಲ, ಅಷ್ಟೇ. ಅವನು ಕನ್ನಡಕದ ಹುಡುಗಿಯ ಹತ್ತಿರ ಹೋಗಿ, ಸೋಮವಾರ ಸರಿ ಮಾಡಮ್ಮ ಎಂದ. ಆಯಮ್ಮನಿಗೆ ನಾನೇ ಹೇಳುತ್ತೇನೆ ಎಂದ.

ಹೆಂಗಸು ಮೆಟ್ಟಿಲ ಮೇಲೆ ಕೂತು ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಫೋನಿನಲ್ಲಿ ನೋಡುತ್ತಿದ್ದಳು. ತಮ್ಮ ಅವಳ ಪಕ್ಕದಲ್ಲಿ ಕೂತು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದ. ಕಂಪ್ಯೂಟರಿನ ತಪ್ಪು, ಹರಿದ ಮೊದಲ ಹಾಳೆ, ಮೇಷ್ಟ್ರು. ಹೇಳುತ್ತ ಹೇಳುತ್ತ ಅವಳ ಮುಖ ಸಪ್ಪಗಾಗುತ್ತ ಬಂದುದನ್ನು ನೋಡಿ, ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿತು. ಆದರೆ ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ.

"ಹಂಗಾದ್ರೆ ಇವರು ಯಾರು?" ಎಂದಳು.

"ಹಾಳೆ ಸ್ಕ್ಯಾನ್ ಮಾಡ್ತಿದ್ಲು. ಆ ಪುಸ್ತಕ ನಿಮ್ಮ ಫೋನಿಗೆ ಸಿಗೋ ಹಾಗೆ ಮಾಡಿದ್ದು ಅವಳು."

ಆಡಿದ ಮೇಲೆ ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಇನ್ನೂ ಏನಾದರೂ ಸೇರಿಸಬೇಕೆಂದು ತಮ್ಮ ಹುಡುಕಿದ. ಸಿಗಲಿಲ್ಲ. ಹೆಂಗಸು ಬೈಯಲಿಲ್ಲ, ಅಳಲಿಲ್ಲ. ಫೋನನ್ನು ಮಡಿಲಲ್ಲಿ ತಿರುಗಿಸುತ್ತ ಕೂತಿದ್ದಳು. ಕೊನೆಗೆ ಎದ್ದು, ಬಟ್ಟೆ ಕೊಡವಿಕೊಂಡು, "ಆ ಅಜ್ಜ ಹೋಗ್ಬಿಟ್ರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೇಟಿನ ಕಡೆ ಬೇಗ ಬೇಗ ನಡೆದಳು.

ಅಷ್ಟು ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಅವಳು ಫೋನು ತೋರಿಸಿದಳು, ಕುಂಟುವ ಮರಿಯ ಫೋಟೋ ಇರಬೇಕು. ಮೇಷ್ಟ್ರು ಮೊದಲು ಬೇಡ ಬೇಡವೆಂದು ಕೈಯಾಡಿಸಿದರು, ಆಮೇಲೆ ಜೇಬು ತಡಕಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಏನೋ ಕೇಳಿದರು. ಅವಳಿಗೆ ವಿವರಿಸಲು ಬರಲಿಲ್ಲವೆಂದು ಕಾಣುತ್ತದೆ, ತಲೆ ಕೊಡವಿದಳು. ಬಸ್ಸು ಬಂದು ನಿಂತು, ಇಬ್ಬರೂ ಹತ್ತದಿದ್ದುದನ್ನು ಕಂಡು ಹೊರಟುಹೋಯಿತು. ಹಿಂದಿನಿಂದ ಮೇಲ್ವಿಚಾರಕ, ತೀರಿಕೊಂಡವರ ಕಡೆಯವರು ಯಾರ್ರೀ, ಬನ್ನಿ ಎಂದು ಕೂಗುತ್ತಿದ್ದ. ತಮ್ಮ ಕದಲಲಿಲ್ಲ.

ರಸ್ತೆಯಾಚೆ ಮೇಷ್ಟ್ರು ಬೆರಳುಗಳನ್ನು ಒಟ್ಟಿಗೆ ಮಡಚಿ, ಅಂಗೈಯನ್ನು ಮೇಲು ಮಾಡಿ ಗೊರಸಿನ ಹಾಗೆ ಅವಳ ಮುಂದೆ ಚಾಚಿದರು. ಅವಳು ಅವರ ಮಣಿಕಟ್ಟನ್ನು ಹಿಡಿದು, ಬೆಳಕಿಗೆ ಓರೆ ಮಾಡಿ, ಮರಿಗೆ ನೋವಿರುವ ಜಾಗ ಇದು ಎಂಬಂತೆ ಹೆಬ್ಬೆರಳು ಒತ್ತಿ ಅವರ ಮುಖ ನೋಡಿದಳು. ಅವರು ಇನ್ನೊಂದು ಕೈಯಿಂದ ಅವಳ ಹೆಬ್ಬೆರಳನ್ನು ಹಿಡಿದು, ಒಂದಿಷ್ಟು ಪಕ್ಕಕ್ಕೆ ಸರಿಸಿದರು.